ಜಗಲಿಯಿಂದ ಒಂದು ಚೀಟಿ

ಚಾಮರಾಜಪುರಂ
೧೮-೬-೧೯೬೨

ಮಂತ್ರಿಗಳಾದ ನಿಂಗಯ್ಯಣ್ಣನವರಿಗೆ ಅಂತೋಣಮ್ಮನ ನಮಸ್ಕಾರ.

ನಿಮ್ಮ ಮನೆಯ ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ. "ಸಾಹೇಬ್ರು ಸಿಗಲ್ಲ ಕಣಮ್ಮ, ಬೇಕಾದ್ರೆ ಚೀಟಿ ಕೊಡಿ" ಎಂದರು ನಿಮ್ಮ ಗುಮಾಸ್ತರು.

ನೀವು ಕಟ್ಟಿ, ನನಗೆ ಒಪ್ಪಿಸಿ ಹೋದ ನಿರ್ಗತಿಕ ಹೆಂಗಸರ ಆಶ್ರಮಕ್ಕೆ ಇಂದು ಸಂಜೆ ಐದಕ್ಕೆ ಬೀಗ ಹಾಕುತ್ತಾರೆ. ಒಳಗೆ ಹತ್ತೊಂಬತ್ತು ಜನ ಇದ್ದಾರೆ. ದೇವಿರಮ್ಮ ಹೆತ್ತು ನಾಲ್ಕು ದಿನವಾಗಿದೆ. ಬೀಗ ಹಾಕುವ ಹುಕುಂ ಕೆಳಗೆ ನಿಮ್ಮ ಸಹಿ ಇದೆ.

ಆಶ್ರಮದಲ್ಲಿದ್ದಾಗ ನಾನು ತಂದ ಕಾಗದಕ್ಕೆಲ್ಲ ನೀವು ಓದದೆ ಸಹಿ ಹಾಕುತ್ತಿದ್ದಿರಿ. "ನೀವು ಓದಿದ್ರೆ ಸಾಕು ಬುಡಿ" ಎನ್ನುತ್ತಿದ್ದಿರಿ. ಇದಕ್ಕೂ ಹಾಗೇ ಹಾಕಿದ್ದೀರೆಂದು ಆ ಹೆಂಗಸರಿಗೆಲ್ಲ ಹೇಳಿ ಬಂದಿದ್ದೇನೆ. ಹೌದಾದರೆ, ಬೀಗ ಬೇಡವೆಂದು ಒಂದು ಸಾಲು ಬರೆದುಕೊಡಿ.

ಓದಿಯೇ ಹಾಕಿದ್ದರೆ, ಬಾಣಂತಿಗೆ ನಿಮ್ಮ ಕಾರನ್ನಾದರೂ ಕಳಿಸಿ. ಎಲ್ಲಿಗೆಂದು ಡ್ರೈವರಿಗೆ ನೀವೇ ಹೇಳಿ.

ಉತ್ತರಕ್ಕೆ ಕಾದಿರುವ,
ಅಂತೋಣಮ್ಮ