ಹನ್ನೊಂದು ಗಂಟೆಗೆ ಅರವತ್ನಾಲ್ಕು ತೆರೆಗಳು

ಮಾನ್ಯ ಗಣಕ ವಿಭಾಗದ ನಿರ್ದೇಶಕರೇ,

ಸತ್ತವನೊಬ್ಬನ ಚೀಟಿಯನ್ನು ಗುರುವಾರದೊಳಗೆ ನಮ್ಮ ಕಾಲೇಜಿನ ಅರವತ್ನಾಲ್ಕು ಮ್ಯಾಕ್ ಯಂತ್ರಗಳಿಂದ ಅಳಿಸಿಹಾಕಬೇಕೆಂದು ತಾವು ನನಗೆ ಆದೇಶ ಕಳಿಸಿದ್ದೀರಿ. ನಾನು ಅಳಿಸುವುದಿಲ್ಲ. ಕಾರಣವನ್ನು ಸ್ಫಾಕ್ಸ್ ಊರೆಲ್ಲ ಓದಲಿ ಎಂದೇ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ತಮ್ಮ ಕಚೇರಿಗೆ ಬರೆದ ಎಂಟು ಪತ್ರಗಳು ಏನಾದವೋ ತಮಗೇ ಗೊತ್ತು.

ಕಳೆದ ವರ್ಷ ಫೆಬ್ರವರಿಯ ಒಂದು ಸೋಮವಾರ ಸಂಜೆ ತಮ್ಮ ಫೋನು ಬಂತು. ಬುಧವಾರ ಸಚಿವರು ಬರುತ್ತಾರೆ, ಅಷ್ಟರೊಳಗೆ ಚಿತ್ರ ಬಿಡಿಸುವ, ಪುಟ ಕಟ್ಟುವ, ಸಿನಿಮಾ ಕತ್ತರಿಸುವ ಇಪ್ಪತ್ತೆರಡು ತಂತ್ರಾಂಶಗಳೂ ಎಲ್ಲ ಯಂತ್ರಗಳಲ್ಲಿ ಇರಬೇಕು ಎಂದಿರಿ. ಒಂದೊಂದಕ್ಕೂ ಕೈಯಿಂದ ಹಾಕುತ್ತ ಕೂತರೆ ತಿಂಗಳು ಬೇಕು. ಅದಕ್ಕೇ ನಾವು ಒಂದು ಯಂತ್ರಕ್ಕೆ ಹಾಕಿ, ಅದರಿಂದ ಪೊಟ್ಟಣ ಕಟ್ಟಿ, ಉಳಿದವಕ್ಕೆ ಒಟ್ಟಿಗೆ ರವಾನಿಸುತ್ತೇವೆ. ಹಾಕುವ ಮೊದಲು ಯಂತ್ರದೊಳಗೆ ಏನೇನಿದೆ ಎಂದು ಒಂದು ಪಟ್ಟಿ, ಹಾಕಿದ ಮೇಲೆ ಇನ್ನೊಂದು ಪಟ್ಟಿ. ಎರಡರ ನಡುವೆ ಹೊಸದಾಗಿ ಬಂದದ್ದೆಲ್ಲ ಪೊಟ್ಟಣಕ್ಕೆ ಸೇರುತ್ತದೆ. ಆದ್ದರಿಂದಲೇ ಈ ಕೆಲಸಕ್ಕೆ ಯಾರೂ ಬಳಸದ ಖಾಲಿ ಯಂತ್ರ ಬೇಕು. ಅದು ನಮ್ಮಲ್ಲಿತ್ತು. ಉಗ್ರಾಣದಲ್ಲಿ ಬೀಗ ಹಾಕಿಕೊಂಡು ಕುಳಿತಿತ್ತು, ಬೀಗದ ಕೈಗೆ ತಮ್ಮ ಮೊಹರು ಬೇಕಿತ್ತು, ಮೊಹರಿಗೆ ನಾಲ್ಕು ದಿನ ಬೇಕಿತ್ತು.

ನನ್ನ ಸಹೋದ್ಯೋಗಿ ಮೊಂಜಿ ಗೋರ್ಬೆಲ್ ಮಂಗಳವಾರ ಬೆಳಿಗ್ಗೆ ತನ್ನ ಸ್ವಂತ ಯಂತ್ರದ ಮೇಲೆಯೇ ಪೊಟ್ಟಣ ಕಟ್ಟಲು ಕುಳಿತ.

"ಬೇಡ ಮಾರಾಯ," ಅಂದೆ. "ನಿನ್ನ ಕೀಲಿಮಣೆ ಮೇಲಿರೋ ಹರೀಸಾ ಚಟ್ನಿ ಕಲೆನೂ ಅರವತ್ನಾಲ್ಕು ಕಡೆ ಹೋಗುತ್ತೆ."

"ಹೋಗ್ಲಿ ಬಿಡು ಸೌಸನ್, ಹುಡುಗರು ನೆಕ್ಕಿಕೊಳ್ಳಲಿ," ಅಂದ. ನಗುವಾಗ ಎಡಗೈಯನ್ನು ಎದೆಗೆ ಒತ್ತಿಕೊಂಡಿದ್ದ.

ಒಂಬತ್ತಕ್ಕೆ ತಮಗೆ ಫೋನು ಮಾಡಿದ. ಹೃದಯದ ವೈದ್ಯರ ಬಳಿ ಹೋಗಬೇಕು, ಎರಡು ಗಂಟೆ ಬಿಡುವು ಕೊಡಿ ಎಂದ. ಫೋನು ಮೇಜಿನ ಮೇಲೆ ಜೋರಾಗಿ ಮಾತಾಡುತ್ತಿತ್ತು, ನಾನೂ ಕೇಳಿಸಿಕೊಂಡೆ. "ಪೊಟ್ಟಣ ಕಳಿಸಿ, ಆಮೇಲೆ ಎಲ್ಲಿಗಾದ್ರೂ ಹೋಗಿ," ಅಂದಿರಿ. ಅವನು ತನ್ನ ಯಂತ್ರದಲ್ಲಿ ಹನ್ನೊಂದು ಗಂಟೆಗೆಂದು ಒಂದು ನೆನಪಿನ ಚೀಟಿ ಬರೆದುಕೊಂಡ. ಹನ್ನೊಂದಕ್ಕೆ ತೆರೆಯ ಮೇಲೆ ಚೀಟಿ ಎದ್ದಿತು, 'ಆಮೇಲೆ' ಎಂಬ ಗುಂಡಿ ಒತ್ತಿದ. ಮಧ್ಯಾಹ್ನ ಪೊಟ್ಟಣ ನನ್ನ ಕೈಗೆ ಬಂತು, ನಾನು ಎಲ್ಲ ಯಂತ್ರಗಳಿಗೂ ತಲುಪಿಸಿದೆ. ಸಂಜೆ ಅವನು ತನ್ನ ಮನೆಯ ಮೆಟ್ಟಿಲ ಮೇಲೆ ಉಸಿರು ತಗೊಳ್ಳಲು ಕುಳಿತ. ಏಳಲಿಲ್ಲ.

ಬುಧವಾರ ಅವನ ಮನೆಯಲ್ಲಿ ಅವನಿಗೆ ಸ್ನಾನ ಮಾಡಿಸುತ್ತಿದ್ದಾಗ ನಾನು ಪ್ರಯೋಗಾಲಯದಲ್ಲಿ ನಿಂತಿದ್ದೆ, ತಾವು ರಜೆ ಕೊಟ್ಟಿರಲಿಲ್ಲ. ಸಚಿವರು ಒಳಗೆ ಬಂದರು. ಗಂಟೆ ಹನ್ನೊಂದಾಯಿತು. ಅರವತ್ನಾಲ್ಕು ತೆರೆಗಳ ಮೇಲೆ ಒಟ್ಟಿಗೆ ಚೀಟಿ ಎದ್ದಿತು: 'ಮೊಂಜಿ, ಡಾಕ್ಟರ ಹತ್ತಿರ ಹೊರಡು. ನೆಜಿಯಾಗೆ ಮಾತು ಕೊಟ್ಟಿದ್ದೀಯ.' ತಾವು ನಕ್ಕು, "ಏನೋ ಜಾಹೀರಾತು ಸಾಹೇಬ್ರೇ," ಎನ್ನುತ್ತ ಹತ್ತಿರದ ಯಂತ್ರದಲ್ಲಿ 'ಆಮೇಲೆ' ಒತ್ತಿದಿರಿ. ನೆನಪಿದೆಯೇ?

ಎರಡು ಪಟ್ಟಿಗಳ ನಡುವೆ ಬರೆದ ಆ ಚೀಟಿಯೂ ಪೊಟ್ಟಣ ಸೇರಿತ್ತು. ಅವನು ಅದಕ್ಕೆ 'ಪ್ರತಿದಿನ' ಎಂದು ಗುರುತು ಹಾಕಿದ್ದ, ತನ್ನ ಸ್ವಭಾವ ತಾನೇ ಬಲ್ಲವನು. ಹಾಗಾಗಿ ಈ ಹದಿನಾಲ್ಕು ತಿಂಗಳು ಅವನು ಪ್ರತಿದಿನ ತನ್ನನ್ನು ತಾನು ಕರೆಯುತ್ತಿದ್ದಾನೆ. ಮೊದಲು ನನಗೆ ಭಯವಾಗುತ್ತಿತ್ತು. ಹೊಸ ಪೊಟ್ಟಣ ಕಟ್ಟಲು ಅನುಮತಿ ಕೊಡಿ ಎಂದು ಎಂಟು ಸಲ ಬೇಡಿದೆ. 'ಕೆಲಸಕ್ಕೆ ಅಡ್ಡಿಯಿಲ್ಲದ ದೋಷ' ಎಂದು ಒಮ್ಮೆ ಮಾತ್ರ ಉತ್ತರ ಬಂತು.

ನೆಜಿಯಾ ಅವನ ಹೆಂಡತಿ, ನಮ್ಮ ಗ್ರಂಥಾಲಯದಲ್ಲಿ ಕೆಲಸ. ತಮ್ಮ ವಿಚಾರಣಾ ವರದಿ ಅವಳಿಗೆ ಹೇಳಿದ್ದು ಇಷ್ಟು: 'ಮೃತರು ಸ್ವಂತ ಆರೋಗ್ಯದ ಬಗ್ಗೆ ಉದಾಸೀನರಾಗಿದ್ದರು; ಕಚೇರಿಗೆ ಯಾವ ಮಾಹಿತಿಯೂ ಇರಲಿಲ್ಲ.' ಅವಳು ಅದನ್ನು ನಂಬಿದ್ದಳು. "ಅಷ್ಟು ಗೋಗರೆದೆ, ನನ್ನ ಮಾತನ್ನ ಕಿವಿಗೇ ಹಾಕ್ಕೊಳ್ಳಲಿಲ್ಲ," ಎಂದು ಸತ್ತವನ ಮೇಲೆ ಮುನಿಸಿಕೊಂಡಿದ್ದಳು. ಒಂದು ದಿನ ನಾನೇ ಕೈ ಹಿಡಿದು ಕರೆತಂದು ಹದಿನೇಳನೆಯ ಯಂತ್ರದ ಮುಂದೆ ಕೂರಿಸಿದೆ. ಓದಿದಳು.

"ಕೇಳಿಸ್ಕೊಂಡಿದ್ದ ಕಣೇ," ಅಂದಳು.

ಅಂದಿನಿಂದ ದಿನಾ ಬರುತ್ತಾಳೆ. ಕಳೆದ ವಾರ ವರದಿಯ ಆ ವಾಕ್ಯ ತಿದ್ದಿ ಎಂದು ತಮಗೆ ಅರ್ಜಿ ಕೊಟ್ಟಳು, ಚೀಟಿ ಬರೆದ ದಿನ ಮತ್ತು ಗಂಟೆ ಯಂತ್ರದಲ್ಲೇ ಇದೆ, ಅವನು ತಮಗೆ ಫೋನು ಮಾಡಿದ ಗಂಟೆಯೂ ಅದೇ ಎಂದಳು. ಎರಡೇ ದಿನಕ್ಕೆ ಅಳಿಸುವ ಆದೇಶ ಬಂತು. ಉಗ್ರಾಣದ ಬೀಗದ ಕೈ ಕೂಡ ಮೊಹರು ಸಮೇತ ಒಂದು ಗಂಟೆಯಲ್ಲಿ ಬಂತು. ಆ ವೇಗ ಆ ಮಂಗಳವಾರ ಎಲ್ಲಿತ್ತು, ಮಾನ್ಯರೇ?

ನನ್ನ ಬೇಡಿಕೆ ದೊಡ್ಡದಲ್ಲ. ಆ ವಾಕ್ಯವನ್ನು ತಿದ್ದಿ, ಸಹಿ ಹಾಕಿ, ಗುರುವಾರ ಹನ್ನೊಂದಕ್ಕೆ ತಾವೇ ತಂದು ನೆಜಿಯಾಗೆ ಓದಿ ಹೇಳಿ. ಅಂದು ಸಂಜೆಯೇ ಎಲ್ಲವನ್ನೂ ನನ್ನ ಕೈಯಾರೆ ಅಳಿಸುತ್ತೇನೆ. ಚೀಟಿ ಎದ್ದಾಗ ಉಳಿದ ಅರವತ್ಮೂರು ಯಂತ್ರಗಳಲ್ಲಿ ತಾವು ಯಾವ ಗುಂಡಿಯನ್ನಾದರೂ ಒತ್ತಿ. ಹದಿನೇಳನೆಯದನ್ನು ಮುಟ್ಟಬೇಡಿ. ಅಲ್ಲಿ ಕೂರುವವಳು ಇಂದಿನವರೆಗೆ ಒಮ್ಮೆಯೂ 'ಆಮೇಲೆ' ಒತ್ತಿಲ್ಲ.

ಇಂತಿ,
ಒಳಗೇನಿದೆ ಎಂದು ನೋಡದೆ ಪೊಟ್ಟಣ ತಲುಪಿಸಿದವಳು,
ಸೌಸನ್ ಟ್ರಿಕಿ