ಸ್ಪೀಕರ್‌ನಲ್ಲಿ ನಿನ್ನ ದನಿ

ಅಕ್ಕಾ,

ನಿರುದ್ಯೋಗ ಭತ್ಯೆ ಇನ್ನೂ ಬಂದಿಲ್ಲ. ನಾನಾಗಿಯೇ ಕೆಲಸ ಬಿಟ್ಟೆನೆಂದು ಮಾಲೀಕರು ಬರೆದುಕೊಟ್ಟಿದ್ದಾರಂತೆ. ಹಾಗಾದರೆ ನನಗೆ ಅರ್ಹತೆಯೇ ಇಲ್ಲ. ಗಾರ್ಮೆಂಟ್ಸ್‌ನಲ್ಲಿ ನನ್ನ ಜೊತೆ ಹೊಲಿಯುತ್ತಿದ್ದವರು ಯಾರಾದರೂ ಸಾಕ್ಷಿ ಹೇಳಬೇಕು ಎಂದರು ಕಚೇರಿಯ ಮೇಡಂ. ನೀನು ಇನ್ನೂ ಅಲ್ಲೇ ದುಡಿಯುವವಳು, ನಿಜ ಹೇಳಿದರೆ ನಿನಗೂ ಕುತ್ತು. ಗೊತ್ತಿದ್ದೂ, ನನ್ನೊಡನೆ ಮಾತು ಬಿಟ್ಟ ನಿನ್ನ ನಂಬರನ್ನೇ ಕೊಟ್ಟೆ. ಅವರು ಸ್ಪೀಕರ್ ಹಾಕಿ ಕರೆ ಮಾಡಿದಾಗ ನಿನ್ನ ದನಿ ಕೇಳಿಸಿತು.

"ಅವಳಾಗಿ ಬಿಡ್ಲಿಲ್ಲ, ಮೇಡಂ. ಅವರೇ ತೆಗೆದುಹಾಕಿದ್ರು. ಪಕ್ಕದ ಮಿಷನ್ನಲ್ಲೇ ಇದ್ದೆ ನಾನು. ನನ್ನ ಹೆಸರು ಬರ್ಕೊಳ್ಳಿ."

"ಅವರು ಇಲ್ಲೇ ಇದಾರೆ. ಮಾತಾಡ್ತೀರಾ?"



"ಬೇಡ. ಊಟ ಆಯ್ತಾ ಅಂತ ಕೇಳಿ, ಸಾಕು."

ಹೂಂ ಎಂದು ಸುಳ್ಳೇ ತಲೆಯಾಡಿಸಿದೆ.

ನಾಳೆ ನಿನ್ನನ್ನು ಕೆಲಸಕ್ಕೆ ಒಳಗೆ ಬಿಡುತ್ತಾರೋ ಇಲ್ಲವೋ. ಕೇಳಲು ಬಾಯಿ ಬರುತ್ತಿಲ್ಲ.