ಟಾನಿಕ್ಕು ಇನ್ನು ಸಾಕು, ಅಕ್ಕಾ

ಮನೆಯಿಂದ,
ಮಾರ್ಚ್ ೧೧, ಮಂಗಳವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಭಾವನಿಗೆ ರಾತ್ರಿ ಪಾಳಿ ತಪ್ಪಿತಾ? ನಾನು ಚೆನ್ನಾಗಿದ್ದೇನೆ, ತಲೆ ಮಾತ್ರ ಕೆಟ್ಟು ಕೆರ ಹಿಡಿದಿದೆ. ಕಾರಣ ಬೇರೆ ಯಾರು, ನಿನ್ನ ಮುದ್ದಿನ ಅಪ್ಪ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ.

ನೀನು ಕಳಿಸಿದ ಕಬ್ಬಿಣದ ಟಾನಿಕ್ಕು ತಲುಪಿತು. ಅಪ್ಪ ಚಮಚ ಬಿಟ್ಟು ಬಾಟಲಿಯನ್ನೇ ಎತ್ತುತ್ತಾರೆ. ಹಲ್ಲು ಕಪ್ಪಾಯಿತು, ಹೊಟ್ಟೆ ಕಟ್ಟಿತು, ಮುಖ ಮಾತ್ರ ಸುಣ್ಣ ಬಳಿದ ಹಾಗೇ ಇದೆ. ಅಂಗಡಿಯ ಮೆಟ್ಟಿಲು ಹತ್ತಿದರೆ ಏದುಸಿರು. “ಇನ್ನೊಂದು ಬಾಟ್ಲಿ ತರಿಸು, ರಕ್ತ ಬಂದೇ ಬರುತ್ತೆ” ಅಂತೆ. ಎಲ್ಲಿಂದ ಬರುತ್ತೆ, ನನ್ನ ಕರ್ಮ!

ನಿನಗೆ ಗೊತ್ತಿಲ್ಲದ್ದು ಕೇಳು, ಅಪ್ಪನ ಬೆರಳಿನ ಕೀಲುಗಳು ಬಹಳ ದಿನದಿಂದ ನೋಯುತ್ತಿವೆ. ಬೀಗ ರಿಪೇರಿ ಮಾಡುವವನ ಕೈಯೇ ನೆಟ್ಟಗಿಲ್ಲ ಎಂದು ಗೊತ್ತಾದರೆ ಯಾರೂ ಅಂಗಡಿಗೆ ಬರುವುದಿಲ್ಲವಂತೆ. ಅದಕ್ಕೆ ಡಾಕ್ಟರಮ್ಮನ ಹತ್ತಿರ ಹೋಗುವ ದಿನ ಅಪ್ಪ ಬಿಸಿನೀರಿನಲ್ಲಿ ಕೈ ಅದ್ದಿ ಕೂರುತ್ತಿದ್ದರು, ಮೇಲೊಂದು ನೋವಿನ ಮಾತ್ರೆ ನುಂಗಿ ಅಲ್ಲಿ ಬೆರಳು ಆಡಿಸಿ ತೋರಿಸುತ್ತಿದ್ದರು. “ಕೈಗೇನಾಗಿದೆ ತಾಯಿ, ಉಕ್ಕಿದ್ದ ಹಾಗಿದೆ!” ಪಾಪ, ಆಕೆಯಾದರೂ ಏನು ಮಾಡಬೇಕು? ರಕ್ತ ಕಡಿಮೆ ಎಂದು ಮತ್ತೆ ಕಬ್ಬಿಣವನ್ನೇ ಬರೆದುಕೊಟ್ಟರು.

ಮೊನ್ನೆ ನಾನೂ ಜೊತೆಗೆ ಹೋಗಿ ಬಾಯಿಬಿಟ್ಟೆ. ಬೆಳಿಗ್ಗೆ ಬೆರಳಿನ ಗೆಣ್ಣುಗಳು ಊದಿ ಬಿಸಿಯಾಗಿರುತ್ತವೆ, ಷರ್ಟಿನ ಗುಂಡಿ ಹಾಕಿಕೊಳ್ಳಲೂ ಆಗುವುದಿಲ್ಲ ಎಂದೆ. ಅಪ್ಪ ನುಂಗುವ ಹಾಗೆ ನೋಡಿದರು. ಡಾಕ್ಟರಮ್ಮ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಬೇರೆ ಪರೀಕ್ಷೆ ಮಾಡಿಸಿದರೆ, ಮೈಯಲ್ಲಿ ಕಬ್ಬಿಣ ಬೇಕಾದಷ್ಟು ಕೂಡಿಬಿದ್ದಿದೆಯಂತೆ! ಕೀಲುಗಳಲ್ಲಿ ಉರಿಯೂತವಿದ್ದರೆ ದೇಹ ಸೋಂಕು ತಗಲಿದೆ ಎಂದೇ ತಿಳಿಯುತ್ತದಂತೆ. ಕ್ರಿಮಿಗಳಿಗೂ ಕಬ್ಬಿಣ ಬೇಕಲ್ಲ, ಅವಕ್ಕೆ ಸಿಗದಿರಲಿ ಎಂದು ಲಿವರ್ರು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ಆಗ ಕರುಳು ಹೊಸ ಕಬ್ಬಿಣವನ್ನು ರಕ್ತಕ್ಕೆ ಬಿಡುವುದಿಲ್ಲ, ಕೂಡಿಟ್ಟದ್ದೂ ಹೊರಗೆ ಬರುವುದಿಲ್ಲ. ಸೋಂಕು ಬಂದು ಹೋದರೆ ಸರಿ, ಈ ಉರಿ ವರ್ಷಗಟ್ಟಲೆ ಇದ್ದರೆ ರಕ್ತ ತಯಾರಾಗುವುದಾದರೂ ಹೇಗೆ? “ಮೊದಲು ಕೀಲಿನ ಉರಿ ಇಳೀಬೇಕು. ಆ ಟಾನಿಕ್ ನಿಲ್ಸಿ, ಕೀಲಿನ ಡಾಕ್ಟರಿಗೆ ತೋರ್ಸಿ” ಎಂದರು.

ಹೊರಗೆ ಬಂದ ಮೇಲೆ ಅಪ್ಪ ಏನೆಂದರು ಗೊತ್ತಾ? “ಕಬ್ಬಿಣ ಬೇಕಾದಷ್ಟಿದೆ ಅಂದ್ಮೇಲೆ ಕಾಯಿಲೆ ಎಲ್ಲಿಂದ ಬಂತು? ನಡಿ ಮನೆಗೆ.” ಇವರನ್ನು ಕಟ್ಟಿಕೊಂಡು ನಾನು ಏಗುವುದು ಹೇಗೆ ಹೇಳು! ಕೀಲಿನ ಡಾಕ್ಟರ ಹೆಸರೆತ್ತಿದರೆ ಎದ್ದು ಹೋಗುತ್ತಾರೆ. ತಡಮಾಡಿದರೆ ಬೆರಳು ಸೊಟ್ಟಗಾಗಿ ಹಾಗೇ ಉಳಿಯುತ್ತವೆ ಎಂದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀನು ಹೇಳಿದರೆ ಮಾತ್ರ ವೇದವಾಕ್ಯ. ನೀನೋ, ಕೇಳಿದಾಗಲೆಲ್ಲ ಟಾನಿಕ್ಕು ಕಳಿಸುತ್ತೀಯ. ಕೋಪ ಮಾಡಿಕೊಳ್ಳಬೇಡ, ನಿಜ ಹೇಳಿದೆ.

ಭಾವನನ್ನು ಕೇಳಿದೆನೆಂದು ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು.

ಇಂತಿ, ಸಿಡುಕಿ ಸಿಡುಕಿ ಸುಸ್ತಾದ
ನಿನ್ನ ತಂಗಿ

ತಾ.ಕ. (ಬುಧವಾರ ರಾತ್ರಿ): ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯಲೇಬೇಕು. ಇವತ್ತು ಕೆಲಸದಿಂದ ಬಂದಾಗ ಅಪ್ಪ ಬಾಗಿಲ ಹೊರಗೆ ಕೂತಿದ್ದರು. “ಬೀಗ ಕೆಟ್ಟಿದೆ ಕಣೇ” ಎಂದರು. ಅವರ ಕೈಯಿಂದ ಕೀ ತೆಗೆದುಕೊಂಡು ತಿರುಗಿಸಿದೆ. ಸಲೀಸಾಗಿ ತೆರೆಯಿತು. ಅಪ್ಪ ಬೆರಳುಗಳನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡು ಒಳಗೆ ಬಂದರು. ಆಮೇಲೆ “ಅಕ್ಕಂಗೆ ಬರೀಬೇಡ” ಎಂದರು. ಮುಂದಿನ ವಾರ ಶುಕ್ರವಾರ ಕೀಲಿನ ಡಾಕ್ಟರನ್ನು ನೋಡಲು ಹೆಸರು ಬರೆಸಿದ್ದೇನೆ. ನೀನು ಬಾ ಅಕ್ಕಾ, ನನಗೆ ಒಬ್ಬಳಿಗೇ ಭಯ.